ಒಂದು ಡಬರಿ, ಒಂದು ಬಟ್ಟೆ ಚೀಲ: ಮನೆಯಲ್ಲಿ ಶೇ 3ರ ಹಗುರ ಬಿಯರ್

ಬೆಂಗಳೂರಿನ ಮದ್ಯದಂಗಡಿಗಳ ಕಪಾಟಿನಲ್ಲಿ ‘ಸ್ಟ್ರಾಂಗ್’ಗಳದ್ದೇ ದರ್ಬಾರು. ಶೇಕಡಾ 3ರ ಆಸುಪಾಸಿನ ಬಿಯರ್ ಬೇಕೆಂದರೆ ಸಿಗುವುದು ಕಷ್ಟ. ಇಂಗ್ಲೆಂಡಿನ ಮೈಲ್ಡ್ ಮತ್ತು ಆರ್ಡಿನರಿ ಬಿಟರ್, ಸ್ಕಾಟ್ಲೆಂಡಿನ ಲೈಟ್ ಎಲ್ಲ ಈ ಜಾತಿಯವು. ಯೀಸ್ಟ್ ಹಾಕುವಾಗ ಇವುಗಳ ಗ್ರ್ಯಾವಿಟಿ ಸಾಮಾನ್ಯವಾಗಿ 1.030ರಿಂದ 1.038ರ ಒಳಗೆ ಇರುತ್ತದೆ. ಅಂದರೆ ಒಂದು ಲೀಟರ್ ಸಿಹಿ ದ್ರವ 1,030ರಿಂದ 1,038 ಗ್ರಾಂ ತೂಗುತ್ತದೆ. ನೀರಿಗಿಂತ ಹೆಚ್ಚಿರುವ ಆ ಮೂವತ್ತು ಚಿಲ್ಲರೆ ಗ್ರಾಂ ಮಾಲ್ಟ್‌ನಿಂದ ಬಂದ ಸಕ್ಕರೆಯ ಗುರುತು.

ಇಂಥ ಬಿಯರನ್ನು ಮಾಡುವುದು ಸುಲಭ, ಚೆನ್ನಾಗಿ ಮಾಡುವುದು ಅಷ್ಟು ಸುಲಭವಲ್ಲ. ಆಲ್ಕೋಹಾಲ್ ಕಡಿಮೆ ಇರುವುದರಿಂದ ತಪ್ಪುಗಳನ್ನು ಮುಚ್ಚಲು ಏನೂ ಇರುವುದಿಲ್ಲ. ನೀರಿನ ಕ್ಲೋರಿನ್, ಸಿಪ್ಪೆಯ ಒಗರು, ಬಿಸಿಯಲ್ಲಿ ಹುದುಗಿದ ವಾಸನೆ ಎಲ್ಲ ನಾಲಿಗೆಗೆ ನೇರವಾಗಿ ಸಿಗುತ್ತವೆ. ಸಲಕರಣೆ ಮತ್ತು ಶ್ರಮದಲ್ಲಿ ಮಾತ್ರ ಬಹಳಷ್ಟು ಕಡಿತ ಮಾಡಬಹುದು, ರುಚಿಗೆ ಅದರಿಂದ ಏನೂ ನಷ್ಟವಿಲ್ಲ.

ಮೊದಲೇ ತಿಳಿದಿರಬೇಕಾದ ಸಂಗತಿ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಮದ್ಯ ತಯಾರಿಕೆಗೆ ಪರವಾನಗಿ ಬೇಕು, ಬಿಯರ್ ಕೂಡ ಮದ್ಯವೇ. ಮಾರುವ ಮಾತಂತೂ ದೂರ. ಡಬರಿ ಕೊಳ್ಳುವ ಮುಂಚೆ ನಿಮ್ಮ ಮಟ್ಟಿಗೆ ಕಾನೂನಿನ ಸ್ಥಿತಿ ಏನೆಂದು ಅಬಕಾರಿ ಕಚೇರಿಯಲ್ಲೋ ವಕೀಲರ ಬಳಿಯೋ ಕೇಳಿಕೊಳ್ಳಿ.

ಸ್ಪಾರ್ಜ್ ಯಾಕೆ ಬೇಡ

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಹಾಕಿದರೆ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಇದೇ ಮ್ಯಾಶ್. ವಾಡಿಕೆಯ ಕ್ರಮದಲ್ಲಿ ಕಿಲೋ ಮಾಲ್ಟಿಗೆ ಎರಡೂವರೆ ಮೂರು ಲೀಟರ್ ನೀರು ಹಾಕಿ ಗಟ್ಟಿಯಾಗಿ ಕಲಸುತ್ತಾರೆ. ರಸ ಬಸಿದ ಮೇಲೆ ಕಾಳಿನಲ್ಲಿ ಉಳಿದ ಸಕ್ಕರೆಯನ್ನು ಇನ್ನಷ್ಟು ಬಿಸಿನೀರು ಹೊಯ್ದು ತೊಳೆದು ತೆಗೆಯುತ್ತಾರೆ, ಅದು ಸ್ಪಾರ್ಜ್. ಅದಕ್ಕೆ ಎರಡನೇ ಪಾತ್ರೆ, ಎರಡನೇ ಬಾರಿ ನೀರು ಕಾಯಿಸುವುದು, ಮುಕ್ಕಾಲು ಗಂಟೆಯ ಕಾವಲು ಎಲ್ಲ ಬೇಕು.

ಹಗುರ ಬಿಯರಿಗೆ ಇದರ ಅಗತ್ಯವಿಲ್ಲ. ಇಲ್ಲಿನ ಲೆಕ್ಕದಲ್ಲಿ 1.6 ಕಿಲೋ ಮಾಲ್ಟ್, 14.5 ಲೀಟರ್ ನೀರು. ಎಲ್ಲ ನೀರನ್ನೂ ಒಂದೇ ಸಲ ಹಾಕಿ ನೆನೆಸಿದರೆ, ಕೊನೆಗೆ ಕಾಳು ಹಿಡಿದಿಟ್ಟುಕೊಳ್ಳುವುದು ಸುಮಾರು 1.3 ಲೀಟರ್. ಅದೂ ತೆಳ್ಳಗಿನ ರಸ. ಕೈತಪ್ಪುವ ಸಕ್ಕರೆ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಆ ಪಾಲಿಗಾಗಿ ಸ್ಪಾರ್ಜ್ ಮಾಡುವುದಕ್ಕಿಂತ 150 ಗ್ರಾಂ ಮಾಲ್ಟ್ ಜಾಸ್ತಿ ಹಾಕುವುದು ವಾಸಿ. ಇದೇ ಲೆಕ್ಕ 1.070ರ ಬಿಯರಿಗೆ ಬೇರೆ. ಅಲ್ಲಿ ಕಾಳಿನಲ್ಲಿ ಉಳಿಯುವ ರಸ ಹೆಚ್ಚು, ಅದರಲ್ಲಿ ಸಕ್ಕರೆಯೂ ಹೆಚ್ಚು, ಹಾಗಾಗಿ ತೊಳೆಯದೆ ಬಿಟ್ಟರೆ ದುಬಾರಿಯಾಗುತ್ತದೆ. ತೊಳೆಯದೇ ಇರುವುದರಿಂದ ಇನ್ನೊಂದು ಲಾಭ ಇದೆ. ಸ್ಪಾರ್ಜ್‌ನ ಕೊನೆಯ ನೀರಿನಲ್ಲಿ ಸಕ್ಕರೆ ಮುಗಿದು ಪಿಎಚ್ ಏರಿದಾಗಲೇ ಸಿಪ್ಪೆಯಿಂದ ಒಗರು ಇಳಿಯುವುದು. ಆ ಘಟ್ಟವೇ ಇಲ್ಲಿ ಬರುವುದಿಲ್ಲ.

ಬೇಕಾದ ಸಾಮಾನು

20ರಿಂದ 22 ಲೀಟರ್ ಹಿಡಿಯುವ ಸ್ಟೀಲ್ ಡಬರಿ, ಮುಚ್ಚಳದ ಸಮೇತ. ನೀರು, ಮಾಲ್ಟ್ ಸೇರಿ 15.5 ಲೀಟರ್ ದಾಟುತ್ತದೆ, ಮೇಲೆ ಕುದಿಯುವಾಗ ನೊರೆ ಏರುತ್ತದೆ. ಆದ್ದರಿಂದ 16 ಲೀಟರಿನದು ಸಾಲದು. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆಯ ಸುತ್ತಲಿನ ಪಾತ್ರೆ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ತಳ ದಪ್ಪಗಿರಲಿ. ಇಂಡಕ್ಷನ್ ಒಲೆ ಇದ್ದರೆ ಆಯಸ್ಕಾಂತ ಹಿಡಿದು ನೋಡಿ ಕೊಳ್ಳಿ, ಮತ್ತು ತುಂಬಿದ ಡಬರಿ 18 ಕಿಲೋ ದಾಟುತ್ತದೆ, ಗಾಜಿನ ಒಲೆ ಅದನ್ನು ತಾಳುತ್ತದೋ ನೋಡಿಕೊಳ್ಳಿ.

ಚೀಲಕ್ಕೆ ತೆಳ್ಳಗಿನ ಪಾಲಿಯೆಸ್ಟರ್ ಪರದೆ ಬಟ್ಟೆ ಸರಿ. ನೀರು ಸಲೀಸಾಗಿ ಇಳಿಯಬೇಕು, ಹಿಟ್ಟು ಇಳಿಯಬಾರದು. ಹತ್ತಿಯ ಮಸ್ಲಿನ್ ಬೇಗ ಕಟ್ಟಿಕೊಳ್ಳುತ್ತದೆ. ಡಬರಿಯ ಒಳಸುತ್ತನ್ನು ಪೂರ್ತಿ ಆವರಿಸಿ ಬಾಯಿಯ ಹೊರಗೆ ಮಡಚುವಷ್ಟು ದೊಡ್ಡದಾಗಿ, ಎರಡು ಸಲ ಹೊಲಿಗೆ ಹಾಕಿಸಿ. ಒದ್ದೆ ಮಾಲ್ಟ್ ತುಂಬಿದ ಚೀಲ ಮೂರು ಕಿಲೋ ಮೀರಿ ತೂಗುತ್ತದೆ, ಒಂದೇ ಹೊಲಿಗೆ ಬಿಟ್ಟುಕೊಳ್ಳಬಹುದು.

ಡಿಜಿಟಲ್ ಥರ್ಮಾಮೀಟರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ತಂದ ತಕ್ಷಣ ಪರೀಕ್ಷಿಸಿ: ಕರಗುತ್ತಿರುವ ಐಸಿನಲ್ಲಿ 0, ಕುದಿವ ನೀರಿನಲ್ಲಿ 97. ನೂರು ತೋರಿಸಲಿಲ್ಲ ಎಂದು ವಾಪಸ್ ಮಾಡಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಇಲ್ಲಿ ನೂರು ತೋರಿಸುವ ಥರ್ಮಾಮೀಟರೇ ಮೂರು ಡಿಗ್ರಿ ಸುಳ್ಳು ಹೇಳುತ್ತಿದೆ.

ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ 1.000ದಿಂದ ಓದುವಂಥದ್ದು ಬೇಕು. ಹಾಲಿನ ಲ್ಯಾಕ್ಟೋಮೀಟರ್ ಇದಕ್ಕೆ ಆಗದು. ಅದರ ಗೆರೆಗಳು ಹಾಲಿನ ಸಾಂದ್ರತೆಯ ಆಚೀಚೆ ಮಾತ್ರ, ಹುದುಗಿದ ಬಿಯರಿನ 1.010 ಅದರಲ್ಲಿ ಕಾಣುವುದೇ ಇಲ್ಲ. ಹೈಡ್ರೋಮೀಟರ್‌ಗಳು ಬಹುತೇಕ 20 ಡಿಗ್ರಿಗೆ ಹೊಂದಿಸಿದವು. ನಮ್ಮ ಅಡುಗೆಮನೆಯ 27 ಡಿಗ್ರಿಯಲ್ಲಿ ಓದಿದರೆ ಬಂದ ಅಂಕಿಗೆ 0.0015ರಿಂದ 0.002 ಕೂಡಿಸಬೇಕು. ಗಟ್ಟಿ ಬಿಯರಿನಲ್ಲಿ ಅದು ಗಣನೆಗೆ ಬಾರದ ವ್ಯತ್ಯಾಸ. 1.032ರಲ್ಲಿ ಎರಡು ಅಂಕ ತಪ್ಪಿದರೆ ಲೆಕ್ಕವೇ ಬೇರೆ.

ಉಳಿದದ್ದು: ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ) ಇರುವ 15 ಲೀಟರ್ ಫುಡ್ ಗ್ರೇಡ್ ಬಕೆಟ್, ಸಿಲಿಕೋನ್ ಟ್ಯೂಬ್, ಒಂದು ಗ್ರಾಂವರೆಗೆ ಅಳೆಯುವ ತಕ್ಕಡಿ, ಪಿಎಚ್ ಪಟ್ಟಿ, ಬಾಟಲಿಗಳು, ತೊಳೆಯದೆ ಬಳಸಬಹುದಾದ ಆಮ್ಲೀಯ ಸ್ಯಾನಿಟೈಸರ್. ಮನೆಯಲ್ಲಿ ಬಿದ್ದಿರುವ 20 ಲೀಟರ್ ನೀರಿನ ಕ್ಯಾನನ್ನು ಫರ್ಮೆಂಟರ್, ಅಂದರೆ ಹುದುಗಿಸುವ ಪಾತ್ರೆ, ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಕತ್ತಿನೊಳಗೆ ಕೈ ಹೋಗದು, ಅಂಟಿದ ಯೀಸ್ಟ್ ಬಿಡದು. ಉಜ್ಜಿ ಗೀರು ಬಿದ್ದರೆ ಮುಂದಿನ ಬಿಯರ್ ಹುಳಿ.

10 ಲೀಟರಿಗೆ ಲೆಕ್ಕ

ಪೇಲ್ ಏಲ್ ಮಾಲ್ಟ್ 1.2 ಕಿಲೋ
ಮ್ಯೂನಿಕ್ ಮಾಲ್ಟ್ 200 ಗ್ರಾಂ
ಮಧ್ಯಮ ಕಂದು ಬಣ್ಣದ ಕ್ರಿಸ್ಟಲ್ ಮಾಲ್ಟ್ 120 ಗ್ರಾಂ
ಅವಲಕ್ಕಿಯಂತೆ ತಟ್ಟಿದ, ಉಪ್ಪು ಮಸಾಲೆ ಬೆರೆಸದ ಸಾದಾ ಓಟ್ಸ್ 100 ಗ್ರಾಂ
ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಒಣಗಿಸಿದ ಹೂ), ಆಲ್ಫಾ ಆಮ್ಲ (ಕಹಿಯ ಮೂಲ) ಶೇ 5ರದ್ದು: 20 ಗ್ರಾಂ ಕಹಿಗೆ, 10 ಗ್ರಾಂ ಪರಿಮಳಕ್ಕೆ
ಎಸ್-04 ಒಣ ಯೀಸ್ಟ್ 5ರಿಂದ 6 ಗ್ರಾಂ, ಅಂದರೆ ಅರ್ಧ ಪ್ಯಾಕೆಟ್
ನೀರು 14.5 ಲೀಟರ್

ಹಾಪ್ಸ್ ಬೇರೆ ತಳಿಯದಾದರೆ ಪ್ಯಾಕೆಟ್ ಮೇಲಿನ ಆಲ್ಫಾ ಅಂಕಿ ನೋಡಿ ಕಡಿಮೆ ಮಾಡಿ. ಶೇ 10 ಇದ್ದರೆ ಕಹಿಗೆ 10 ಗ್ರಾಂ ಸಾಕು. ತೆಳು ಬಿಯರಿನಲ್ಲಿ ಕಹಿ ಬೇಗ ಮೇಲೇಳುತ್ತದೆ, ಇನ್ನೊಂದು ಹಿಡಿ ಇರಲಿ ಎಂದು ಸುರಿದರೆ ಕಷಾಯವಾಗುತ್ತದೆ.

ಮ್ಯೂನಿಕ್ ಮತ್ತು ಕ್ರಿಸ್ಟಲ್ ಬಿಡಬೇಡಿ. ಬರೀ ಪೇಲ್ ಮಾಲ್ಟ್ 1.032ರಲ್ಲಿ ಸಪ್ಪೆ. ಶೇ 5ರ ಬಿಯರಿನಲ್ಲಿ ಕ್ರಿಸ್ಟಲ್ ಶೇ 7 ಹಾಕಿದರೆ ಮುಖ ಕಟ್ಟೀತು, ಇಲ್ಲಿ ಅದೇ ಪ್ರಮಾಣ ಮೈತುಂಬಿಸುತ್ತದೆ. ಓಟ್ಸ್ ನಾಲಿಗೆಗೆ ನುಣುಪು ಕೊಡುತ್ತದೆ, ನೊರೆಯನ್ನು ನಿಲ್ಲಿಸುತ್ತದೆ.

ಮಾಲ್ಟ್ ಒಡೆಸಿಯೇ ತರಿಸುವುದು ಸುಲಭ. ಮನೆಯಲ್ಲಿ ಮಾಡುವುದಾದರೆ ಮಿಕ್ಸಿಯ ಒಣ ಜಾರಿಗೆ 200 ಗ್ರಾಂ ಹಾಕಿ ಒಂದೊಂದು ಸೆಕೆಂಡಿನಂತೆ ನಾಲ್ಕೈದು ಸಲ ತಿರುಗಿಸಿ. ಇಡ್ಲಿ ರವೆಯಷ್ಟು ದಪ್ಪಗಿರಲಿ, ಇಡೀ ಕಾಳು ಒಂದೂ ಉಳಿಯಬಾರದು. ಚೀಲ ಇರುವುದರಿಂದ ವಾಡಿಕೆಗಿಂತ ಸ್ವಲ್ಪ ನುಣ್ಣಗಾದರೂ ಬಸಿಯಲು ತೊಂದರೆಯಿಲ್ಲ. ಹಿಟ್ಟಿನ ಗಿರಣಿಗೆ ಕೊಡಬೇಡಿ, ಹಿಂದಿನವರ ಮೆಣಸಿನಪುಡಿ ನಿಮ್ಮ ಬಿಯರಿಗೆ ಬರುತ್ತದೆ.

ನೀರು

ಬೆಂಗಳೂರಿನಲ್ಲಿ ಎರಡು ಬೀದಿಗೆ ನೀರು ಬೇರೆ. ಜಲಮಂಡಳಿಯ ಕಾವೇರಿ ನೀರು ಬರುವ ಮನೆಯಾದರೆ ಅದೇ ಸಾಕು, ಕ್ಲೋರಿನ್ ತೆಗೆಯಬೇಕು ಅಷ್ಟೆ. ಮಾಲ್ಟ್‌ನ ಫಿನಾಲ್‌ಗಳ ಜೊತೆ ಕ್ಲೋರಿನ್ ಸೇರಿದರೆ ಬ್ಯಾಂಡೇಜಿನ ವಾಸನೆ ಬರುತ್ತದೆ, ಆಮೇಲೆ ಏನು ಮಾಡಿದರೂ ಹೋಗದು. ಹಣ್ಣಿನ ಸ್ಕ್ವಾಶ್ ಮಾಡುವವರು ಬಳಸುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಅಂಗಡಿಯ ಭಾಷೆಯಲ್ಲಿ ಕೆಎಂಎಸ್, ಇದಕ್ಕೆ ಮದ್ದು. ಬೇಕಾದದ್ದು 0.1 ಗ್ರಾಂ ಮಾತ್ರ, ಮನೆಯ ತಕ್ಕಡಿಗೆ ಅದು ತೂಕವೇ ಅಲ್ಲ. ಆದ್ದರಿಂದ 1 ಗ್ರಾಂ ಪುಡಿಯನ್ನು 100 ಮಿಲಿ ನೀರಿನಲ್ಲಿ ಕರಗಿಸಿ, ಅದರಲ್ಲಿ 10 ಮಿಲಿ ತೆಗೆದು 14.5 ಲೀಟರಿಗೆ ಬೆರೆಸಿ ಕಲಕಿ. ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಉಳಿದದ್ದನ್ನು ಚೆಲ್ಲಿ. ಆಸ್ತಮಾ ಇರುವವರು ಅದರ ಹೊಗೆ ಮೂಗಿಗೆ ಬಡಿಯದಂತೆ ದೂರವಿರಲಿ.

ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಈ ಬಿಯರಿಗೆ ಬೇಡ. ಅವುಗಳಲ್ಲಿ ಬೈಕಾರ್ಬನೇಟ್ ಜಾಸ್ತಿ, ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವುದು ಅದರ ಗುರುತು. ಕಿಲೋಗೆ ಮೂರು ಲೀಟರ್ ನೀರಿನ ಗಟ್ಟಿ ಮ್ಯಾಶ್‌ನಲ್ಲಿ ಮಾಲ್ಟ್‌ನ ಆಮ್ಲೀಯತೆ ನೀರಿನ ಕ್ಷಾರವನ್ನು ಅಷ್ಟಿಷ್ಟು ತಡೆಯುತ್ತದೆ. ಇಲ್ಲಿ ಕಿಲೋಗೆ ಒಂಬತ್ತು ಲೀಟರ್ ನೀರು ಇದೆ, ಮೂರು ಪಟ್ಟು ಕ್ಷಾರದೆದುರು ಅಷ್ಟೇ ಮಾಲ್ಟ್. ಪಿಎಚ್ 6ರ ಕಡೆಗೆ ಏರುತ್ತದೆ, ಸಕ್ಕರೆ ಇಳಿಯುವುದು ಕುಂಠಿತವಾಗುತ್ತದೆ, ಸಿಪ್ಪೆ ಒಗರು ಬಿಡುತ್ತದೆ. ಒಂದೇ ನೀರಿನ ಈ ಪದ್ಧತಿಯಲ್ಲಿ ನಿಜವಾಗಿ ಎಚ್ಚರವಹಿಸಬೇಕಾದ ಜಾಗ ಇದೊಂದೇ. ಸ್ಪಾರ್ಜ್ ಬಿಟ್ಟು ಉಳಿಸಿದ ಸಮಯದಲ್ಲಿ ಹತ್ತು ನಿಮಿಷವನ್ನು ಇಲ್ಲಿ ಖರ್ಚು ಮಾಡಿ.

ಬೋರ್‌ವೆಲ್ ಮನೆಯವರು ಆರ್‌ಒ ನೀರು ಬಳಸಿ. ಮನೆಯ ಯಂತ್ರ ನಿಧಾನ, ಹಿಂದಿನ ರಾತ್ರಿಯೇ ಹಿಡಿದಿಡಿ. ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ ಇರುವುದಿಲ್ಲವಾದ್ದರಿಂದ 14.5 ಲೀಟರಿಗೆ ಕ್ಯಾಲ್ಸಿಯಂ ಕ್ಲೋರೈಡ್ 3 ಗ್ರಾಂ, ಜಿಪ್ಸಂ 1.5 ಗ್ರಾಂ ಹಾಕಿ. ಎರಡೂ ಆಹಾರ ದರ್ಜೆಯದೇ ಆಗಿರಲಿ. ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟರ್ ಪುಡಿ ಅಥವಾ ಕಪಾಟಿನ ತೇವ ಹೀರುವ ಡಬ್ಬಿಯ ಹರಳು ಸಲ್ಲದು. ಕ್ಲೋರೈಡ್ ಜಾಸ್ತಿ ಇಟ್ಟಿರುವುದು ಬೇಕೆಂದೇ, ಅದು ತೆಳು ಬಿಯರಿನ ಬಾಯಿತುಂಬುವ ಗುಣವನ್ನು ಹೆಚ್ಚಿಸುತ್ತದೆ. ಜಿಪ್ಸಂ ಜಾಸ್ತಿಯಾದರೆ ಕಹಿ ಒಣಒಣಗಿ ಎದ್ದು ಕಾಣುತ್ತದೆ.

ಶೇ 88ರ ಲ್ಯಾಕ್ಟಿಕ್ ಆಮ್ಲವನ್ನು ಆರ್‌ಒ ನೀರಿಗೆ 1 ಮಿಲಿ, ಕಾವೇರಿ ನೀರಿಗೆ 2 ಮಿಲಿ ಹಾಕಿ ಶುರು ಮಾಡಿ. ಮಾಲ್ಟ್ ಹಾಕಿ ಹತ್ತು ನಿಮಿಷ ಬಿಟ್ಟು ಒಂದು ಚಮಚ ರಸ ತೆಗೆದು, ಆರಿಸಿ, ಪಟ್ಟಿ ಅದ್ದಿ. 5.2ರಿಂದ 5.5 ಬರಬೇಕು. ಮೇಲಿದ್ದರೆ ಇನ್ನು ಅರ್ಧ ಮಿಲಿ. ಒಟ್ಟು 4 ಮಿಲಿ ದಾಟಿಸಬೇಡಿ, ಆಮ್ಲದ ಹುಳಿಯೇ ರುಚಿಗೆ ಬರಲು ಶುರುವಾಗುತ್ತದೆ. ಅಷ್ಟು ಬೇಕೆನಿಸಿದರೆ ನೀರೇ ಸರಿಯಿಲ್ಲ ಎಂದರ್ಥ.

ಮ್ಯಾಶ್

ಡಬರಿಯ ತಳಕ್ಕೆ ಇಡ್ಲಿ ತಟ್ಟೆಯೊಂದನ್ನು ಬೋರಲು ಹಾಕಿ, ಚೀಲ ನೇರವಾಗಿ ಬಿಸಿ ತಳಕ್ಕೆ ತಾಗಿ ಸುಡದಿರಲಿ. ನೀರನ್ನು 71.5ಕ್ಕೆ ಕಾಯಿಸಿ. ಮನೆಯ ಗ್ಯಾಸಿನ ದೊಡ್ಡ ಬರ್ನರ್‌ನಲ್ಲಿ ಇದಕ್ಕೆ 35ರಿಂದ 40 ನಿಮಿಷ ಬೇಕು, ಮುಚ್ಚಳ ಹಾಕಿಡಿ. ಕಾಯುವ ನೀರು ತಳದಲ್ಲಿ ಒಂದು, ಮೇಲೆ ಒಂದು ತೋರಿಸುತ್ತದೆ, ಚೆನ್ನಾಗಿ ಕಲಕಿ ಅಳೆಯಿರಿ. ಉರಿ ಆರಿಸಿ, ಚೀಲ ಇಳಿಸಿ, ಬಾಯಿಗೆ ಕ್ಲಿಪ್ ಹಾಕಿ.

ಮಾಲ್ಟನ್ನು ಒಂದೊಂದು ಹಿಡಿಯಾಗಿ ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವಿ. ಮುದ್ದೆ ಕೋಲು ಇದಕ್ಕೆ ಹೇಳಿ ಮಾಡಿಸಿದ್ದು. ಗಂಟು ಕಟ್ಟಿದರೆ ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ, ಅಷ್ಟು ಸಕ್ಕರೆ ಹೋದಂತೆ. ಎಲ್ಲ ಹಾಕಿದ ಮೇಲೆ ಉಷ್ಣತೆ 69.5ರ ಹತ್ತಿರ ನಿಲ್ಲುತ್ತದೆ. ನೀರು ಅಷ್ಟೊಂದು ಇರುವುದರಿಂದ ಕಾಳು ಇಳಿಸುವುದು ಎರಡೇ ಡಿಗ್ರಿ. 71 ದಾಟಿದ್ದರೆ ಒಂದು ಲೋಟ ತಣ್ಣೀರು, 68ಕ್ಕಿಂತ ಕೆಳಗಿದ್ದರೆ ಸಣ್ಣ ಉರಿಯಲ್ಲಿ ತಿರುವುತ್ತ ಏರಿಸಿ.

69.5 ಯಾಕೆ ಎಂದರೆ, ಮಾಲ್ಟ್‌ನಲ್ಲಿ ಕೆಲಸ ಮಾಡುವ ಮುಖ್ಯ ಕಿಣ್ವಗಳು ಎರಡು. ಬೀಟಾ ಅಮೈಲೇಸ್ 62ರಿಂದ 65ರಲ್ಲಿ ಚುರುಕು, ಅದು ಕೊಡುವ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ. ಆಲ್ಫಾ ಅಮೈಲೇಸ್ 70ರ ಸುತ್ತ ಚುರುಕು. ಅದು ಪಿಷ್ಟವನ್ನು ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ, ಯೀಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್ ಉಳಿಯುತ್ತದೆ. 69.5ರಲ್ಲಿ ಬೀಟಾ ಬೇಗ ಸೋಲುತ್ತದೆ. ಹೀಗಾಗಿ 1.032ರಲ್ಲಿ ಶುರುವಾದದ್ದು 1.010ರಿಂದ 1.012ರಲ್ಲಿ ನಿಲ್ಲುತ್ತದೆ, ಆಲ್ಕೋಹಾಲ್ ಶೇ 2.6ರಿಂದ 2.9. ಇದೇ ಮಾಲ್ಟನ್ನು 65ರಲ್ಲಿ ನೆನೆಸಿದರೆ 1.007ಕ್ಕೆ ಇಳಿದು ಅಮಲು ತುಸು ಏರುತ್ತದೆ, ಬಿಯರ್ ಮಾತ್ರ ನೀರುನೀರು.

ಡಬರಿಯನ್ನು ಒಲೆಯಿಂದ ಇಳಿಸಿ ಮುಚ್ಚಳ ಹಾಕಿ ಎರಡು ಹಳೆಯ ಕಂಬಳಿ ಸುತ್ತಿ 45 ನಿಮಿಷ ಬಿಡಿ. ಮಧ್ಯೆ ಒಂದೇ ಸಲ ತಿರುವಿದರೆ ಸಾಕು. ಪದೇ ಪದೇ ಮುಚ್ಚಳ ತೆಗೆದು ನೋಡುವ ಚಟವೇ ಉಷ್ಣತೆ ಇಳಿಸುವುದು. ಮುಚ್ಚಿಟ್ಟರೆ ಕಳೆಯುವುದು ಒಂದೂವರೆ ಎರಡು ಡಿಗ್ರಿ, ಅಷ್ಟು ಹೊತ್ತಿಗೆ ಬೀಟಾ ಸೋತಿರುವುದರಿಂದ ಅದು ಲೆಕ್ಕಕ್ಕಿಲ್ಲ. ಪಿಷ್ಟ ಮುಗಿದಿದೆಯೋ ನೋಡಬೇಕಾದರೆ ಬಿಳಿ ತಟ್ಟೆಯ ಮೇಲೆ ಸಿಪ್ಪೆಯಿಲ್ಲದ ಒಂದು ಹನಿ ರಸ, ಅದಕ್ಕೆ ಮೆಡಿಕಲ್ ಶಾಪಿನ ಅಯೋಡಿನ್ ಒಂದು ಹನಿ. ನೀಲಿಗಪ್ಪಾದರೆ ಇನ್ನೂ 15 ನಿಮಿಷ, ಕಂದಾಗಿಯೇ ಉಳಿದರೆ ಆಯಿತು. ಆ ಹನಿಯನ್ನು ಚೆಲ್ಲಿ, ಡಬರಿಗೆ ಹಾಕಬೇಡಿ.

ಚೀಲವನ್ನು ಮೇಲೆತ್ತಿ, ಡಬರಿಯ ಬಾಯಿಗೆ ತೂತಿನ ದೊಡ್ಡ ತಟ್ಟೆ ಇಟ್ಟು ಅದರ ಮೇಲೆ ಕೂರಿಸಿ. ಹತ್ತು ನಿಮಿಷ ಸೋರಲಿ, ಆಮೇಲೆ ರಬ್ಬರ್ ಕೈಗವಸು ಹಾಕಿ ಹಿಂಡಿ. ಹಿಂಡಿದರೆ ಒಗರು ಇಳಿಯುತ್ತದೆ ಎನ್ನುವವರಿದ್ದಾರೆ. ಒಗರಿಗೆ ಕಾರಣ ಪಿಎಚ್ ಮತ್ತು ಅತಿ ಬಿಸಿ, ಹಿಂಡುವ ಕೈಯಲ್ಲ. ಪಿಎಚ್ ಸರಿಯಿದ್ದರೆ ಧೈರ್ಯವಾಗಿ ಹಿಂಡಿ, ಅರ್ಧ ಲೀಟರ್ ಸಿಗುತ್ತದೆ. ಚರಟವನ್ನು ಅದೇ ದಿನ ಹಸುವಿಗೆ ಕೊಡಿ ಅಥವಾ ಗೊಬ್ಬರದ ಗುಂಡಿಗೆ ಹಾಕಿ. ಸಂಜೆಯೊಳಗೆ ಹುಳಿತು ನಾರುತ್ತದೆ.

ಈಗ ಡಬರಿಯಲ್ಲಿ 13 ಲೀಟರಿಗಿಂತ ಸ್ವಲ್ಪ ಹೆಚ್ಚು ರಸ, ಆರಿಸಿ ಅಳೆದರೆ ಗ್ರ್ಯಾವಿಟಿ 1.028–1.030. ಎರಡು ಮೂರು ಅಂಕ ಕಡಿಮೆ ಬಂದರೆ ಕುದಿಸುವುದನ್ನು ಕಾಲು ಗಂಟೆ ಹೆಚ್ಚಿಸಿ. ಬೆಲ್ಲ, ಸಕ್ಕರೆ ಹಾಕಿ ಸರಿಮಾಡುವ ದಾರಿ ಹಿಡಿಯಬೇಡಿ. ಅದು ಅಮಲು ಏರಿಸಿ ಮೈ ಇಳಿಸುತ್ತದೆ, ನಮಗೆ ಬೇಕಿರುವುದು ಅದರ ತಿರುಗುಮುರುಗು.

ಕುದಿ, ತಣಿಸುವುದು

ಕುದಿ ಬರುವ ಹೊತ್ತಿಗೆ ಒಲೆಯ ಹತ್ತಿರವೇ ಇರಿ, ಹಾಲಿಗಿಂತ ಜೋರಾಗಿ ಉಕ್ಕುತ್ತದೆ. ಮೊದಲ ನೊರೆ ಇಳಿದ ಮೇಲೆ 20 ಗ್ರಾಂ ಹಾಪ್ಸ್ ಹಾಕಿ 30 ನಿಮಿಷ ಕುದಿಸಿ. ಉರಿ ಆರಿಸಲು ಐದು ನಿಮಿಷ ಇರುವಾಗ ಉಳಿದ 10 ಗ್ರಾಂ. 97 ಡಿಗ್ರಿಯಲ್ಲಿ ಹಾಪ್ಸ್‌ನ ಕಹಿ ಬಿಡುವುದು ತುಸು ನಿಧಾನ, 20 ಗ್ರಾಂ ಎಂದಿರುವುದು ಅದನ್ನು ಸೇರಿಸಿಯೇ. ಮುಚ್ಚಳ ಪೂರ್ತಿ ಮುಚ್ಚಬೇಡಿ, ಬೆಂದ ತರಕಾರಿಯ ವಾಸನೆ ಹಬೆಯೊಂದಿಗೆ ಹೋಗಬೇಕು. ಪೇಲ್ ಬದಲು ಪಿಲ್ಸ್‌ನರ್ ಮಾಲ್ಟ್ ಸಿಕ್ಕಿದ್ದರೆ ಈ ವಾಸನೆಯ ಮೂಲ ಅದರಲ್ಲಿ ಹೆಚ್ಚು. ಆಗ 60 ನಿಮಿಷ ಕುದಿಸಿ, ಒಂದು ಲೀಟರ್ ನೀರು ಹೆಚ್ಚು ಹಾಕಿಕೊಂಡಿರಿ.

ಮುಚ್ಚಿದ ಡಬರಿಯನ್ನು ಬಟ್ಟೆ ನೆನೆಸುವ ದೊಡ್ಡ ಟಬ್ಬಿನಲ್ಲಿಟ್ಟು ಸುತ್ತ ನೀರು ತುಂಬಿ. ಬಿಸಿಯಾದಂತೆ ಎರಡು ಮೂರು ಸಲ ಬದಲಿಸಿ, ಕೊನೆಯ ಸಲ ಐಸ್ ಹಾಕಿ. 45 ನಿಮಿಷದಿಂದ ಒಂದು ಗಂಟೆಯಲ್ಲಿ 22ಕ್ಕೆ ಬರುತ್ತದೆ. ಆ ನೀರು ನೆಲ ಒರೆಸಲು, ಗಿಡಕ್ಕೆ ಆದೀತು. ಬೇಸಿಗೆಯಲ್ಲಿ ಈ ಊರಿನಲ್ಲಿ ಮೂರು ಟಬ್ ನೀರು ಚೆಲ್ಲಿದರೆ ಮನೆಯವರು ಸುಮ್ಮನಿರುವುದಿಲ್ಲ. ಐಸನ್ನು ರಸದೊಳಗೆ ಹಾಕಬೇಡಿ. ಉರಿ ಆರಿಸಿದ ಮೇಲೆ ಬಿಯರಿಗೆ ತಾಗುವ ಪ್ರತಿಯೊಂದೂ ಸ್ಯಾನಿಟೈಸರ್‌ನಲ್ಲಿ ಅದ್ದಿರಬೇಕು. ಮುದ್ದೆ ಕೋಲಿಗೆ ಇಲ್ಲಿಂದ ಮುಂದೆ ಕೆಲಸವಿಲ್ಲ, ಮರದ ಸೀಳುಗಳಲ್ಲಿ ಬ್ಯಾಕ್ಟೀರಿಯಾ ಕೂತಿರುತ್ತದೆ.

ಹುದುಗುವುದು

ತಳದ ಗಸಿ ಬಿಟ್ಟು ತಿಳಿಯನ್ನು ಬಕೆಟ್ಟಿಗೆ ಎತ್ತರದಿಂದ ಸುರಿಯಿರಿ, ಗಾಳಿ ಬೆರೆಯಲಿ. ಸುಮಾರು 11 ಲೀಟರ್, 1.032. ಯೀಸ್ಟನ್ನು ಮೇಲೆ ಉದುರಿಸಿ ಮುಚ್ಚಿ. ಮಿಕ್ಕ ಅರ್ಧ ಪ್ಯಾಕೆಟ್ಟನ್ನು ಗಾಳಿ ತೆಗೆದು ಅಂಟಿಸಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರದೊಳಗೆ ಬಳಸಬಹುದು.

ಎಸ್-04ಗೆ 19ರಿಂದ 21 ಡಿಗ್ರಿ ಹದ. ನವೆಂಬರಿನಿಂದ ಫೆಬ್ರವರಿವರೆಗೆ ಬೆಂಗಳೂರಿನ ಉತ್ತರ ಗೋಡೆಯ ಪಕ್ಕದ ಮೂಲೆ ತಾನಾಗಿಯೇ ಅದರ ಹತ್ತಿರ ಇರುತ್ತದೆ. ಹುದುಗುವ ಬಿಯರ್ ಕೋಣೆಗಿಂತ ಎರಡು ಡಿಗ್ರಿ ಬಿಸಿ ಇರುತ್ತದೆ ಎಂಬುದು ನೆನಪಿರಲಿ. ಮಾರ್ಚ್‌ನಿಂದ ಮೇವರೆಗೆ ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು, ಹತ್ತಿಯ ಟವೆಲ್ ಹೊದಿಸಿ ಅದರ ಅಂಚು ನೀರಿನಲ್ಲಿ ಮುಳುಗಿರುವಂತೆ ಮಾಡಿ, ಫ್ಯಾನ್ ಹಾಕಿ. ಒಣ ಹವೆಯಲ್ಲಿ ಇದರಿಂದ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಇನ್ನೂ ಸಾಲದಿದ್ದರೆ ಬೆಳಿಗ್ಗೆ ಸಂಜೆ ಒಂದೊಂದು ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಟಬ್ಬಿಗೆ ಹಾಕಿ. ಮಳೆಗಾಲದಲ್ಲಿ ಟವೆಲ್ ಉಪಾಯ ನಡೆಯದು, ಆಗ ಅದರ ಅಗತ್ಯವೂ ಅಷ್ಟಿಲ್ಲ. ಹೆಚ್ಚು ಜೋಪಾನ ಮಾಡಬೇಕಾದದ್ದು ಮೊದಲ ಮೂರು ದಿನ. ಆಮೇಲೆ 24ಕ್ಕೆ ಏರಿದರೂ ಚಿಂತೆಯಿಲ್ಲ, ಹಸಿರು ಸೇಬಿನ ವಾಸನೆ ಹೋಗಲು ಅದೇ ಒಳ್ಳೆಯದು.

ಸಕ್ಕರೆ ಕಡಿಮೆ ಇರುವುದರಿಂದ ಗುಳುಗುಳು ಮೂರು ನಾಲ್ಕು ದಿನಕ್ಕೆ ನಿಲ್ಲುತ್ತದೆ. ನಿಂತ ಮಾತ್ರಕ್ಕೆ ಬಾಟಲಿಗೆ ತುಂಬಬೇಡಿ. ಆರನೇ ದಿನ ಮತ್ತು ಎಂಟನೇ ದಿನ ಗ್ರ್ಯಾವಿಟಿ ಅಳೆಯಿರಿ, ಎರಡೂ ಒಂದೇ ಇದ್ದರೆ ಮಾತ್ರ ಮುಂದಿನ ಕೆಲಸ.

ಬಾಟಲಿ

ಬಾಟಲಿಯೊಳಗೆ ಗ್ಯಾಸ್ ಹುಟ್ಟಲು 10.5 ಲೀಟರಿಗೆ 60 ಗ್ರಾಂ ಸಕ್ಕರೆ. ಒಂದು ಲೋಟ ನೀರಿನಲ್ಲಿ ಕುದಿಸಿ ಆರಿಸಿ ಶುದ್ಧ ಮಾಡಿದ ಇನ್ನೊಂದು ಪಾತ್ರೆಗೆ ಹಾಕಿ, ಅದರ ಮೇಲೆ ಬಿಯರನ್ನು ಟ್ಯೂಬಿನಿಂದ ಸದ್ದಿಲ್ಲದೆ ಇಳಿಸಿ. ಈಗ ಗಾಳಿ ಬೆರೆಯಬಾರದು, ಬೆರೆತರೆ ಎರಡು ವಾರದಲ್ಲಿ ಒದ್ದೆ ರಟ್ಟಿನ ರುಚಿ. ಗ್ಯಾಸ್ ಇದಕ್ಕಿಂತ ಹೆಚ್ಚು ಬೇಡ. ಗುಳ್ಳೆ ಜಾಸ್ತಿಯಾದಷ್ಟೂ ತೆಳು ಬಿಯರ್ ಸೋಡಾದ ಹಾಗೆ ಚುರುಗುಟ್ಟುತ್ತದೆ.

ಮೊದಲ ಸಲ ಮಾಡುವವರಿಗೆ 500 ಮಿಲಿಯ ಸೋಡಾ ಪೆಟ್ ಬಾಟಲಿಗಳು ಸುರಕ್ಷಿತ. ಅಮುಕಿ ನೋಡಿದರೆ ಒತ್ತಡ ತಿಳಿಯುತ್ತದೆ, ಒಡೆದರೂ ಗಾಜು ಹಾರದು. ನೀರಿನ ತೆಳು ಬಾಟಲಿ ಬೇಡ. ಗಾಜಿನದಾದರೆ 650 ಮಿಲಿಯ ಕಂದು ಬಿಯರ್ ಬಾಟಲಿ, ಹೊಸ ಕ್ರೌನ್ ಮುಚ್ಚಳ, ಒತ್ತುವ ಉಪಕರಣ. ಹಸಿರು, ಬಿಳಿ ಗಾಜಿನಲ್ಲಿ ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾರುತ್ತದೆ. ಕತ್ತಲಲ್ಲಿ ವಾರದಿಂದ ಹತ್ತು ದಿನ, ಆಮೇಲೆ ಫ್ರಿಜ್. ಆರು ವಾರದೊಳಗೆ ಮುಗಿಸಿ, ಇದು ಇಟ್ಟಷ್ಟೂ ಮಾಗುವ ಬಿಯರಲ್ಲ.

ಕೆಟ್ಟರೆ ಎಲ್ಲಿ ಕೆಟ್ಟಿತು

ನೀರುನೀರಾಗಿದೆ, ಕೊನೆಯ ಗ್ರ್ಯಾವಿಟಿ 1.008ಕ್ಕಿಂತ ಕೆಳಗಿದೆ ಎಂದರೆ ಮ್ಯಾಶ್ ತಣ್ಣಗಿತ್ತು, ಥರ್ಮಾಮೀಟರ್ ಮೇಲೆ ಮೊದಲ ಅನುಮಾನ. ಗ್ರ್ಯಾವಿಟಿ ಸರಿಯಿದ್ದೂ ತೆಳುವೆನಿಸಿದರೆ ಗ್ಯಾಸ್ ಜಾಸ್ತಿ ಅಥವಾ ಕ್ಲೋರೈಡ್ ಕಡಿಮೆ. ಕಡು ಚಹಾದಂತೆ ನಾಲಿಗೆ ಹಿಡಿಯುವ ಒಗರು ಬಂದರೆ ಪಿಎಚ್. ಅಳೆಯದೆ ಬಿಟ್ಟಿದ್ದರಂತೂ ಅನುಮಾನವೇ ಬೇಡ. ಬಾಳೆಹಣ್ಣು, ನೈಲ್ ಪಾಲಿಶ್ ವಾಸನೆ ಎಂದರೆ ಮೊದಲ ಎರಡು ದಿನ ಬಿಸಿಯಾಗಿದೆ. ಹುಳಿಯಾಗಿ ಬಾಟಲಿಯ ಕತ್ತಿನಲ್ಲಿ ಉಂಗುರ ಕಟ್ಟಿದ್ದರೆ ಶುದ್ಧಿಯ ಕೊರತೆ. ಗಟ್ಟಿ ಬಿಯರಿಗಿಂತ ಇದಕ್ಕೆ ಸೋಂಕು ಬೇಗ ತಗಲುತ್ತದೆ, ಟ್ಯೂಬನ್ನೇ ಎಸೆದು ಹೊಸದು ತನ್ನಿ. ತೆರೆದೊಡನೆ ಚಿಮ್ಮಿದರೆ ಎರಡು ಸಾಧ್ಯತೆ: ಹುದುಗು ಮುಗಿಯುವ ಮೊದಲೇ ತುಂಬಿದ್ದೀರಿ ಅಥವಾ ಸೋಂಕು. ಗಾಜಿನ ಬಾಟಲಿಗಳಾಗಿದ್ದರೆ ಉಳಿದವನ್ನು ತಕ್ಷಣ ಫ್ರಿಜ್ಜಿಗೆ ಸೇರಿಸಿ, ಮುಟ್ಟುವಾಗ ದಪ್ಪ ಬಟ್ಟೆ ಸುತ್ತಿ. ಅವು ಸಿಡಿಯುತ್ತವೆ.

ಶೇ 2ರ ಒಳಗೆ ಇಳಿಸಬೇಕಾದರೆ ಪೇಲ್ ಮಾಲ್ಟನ್ನು ಮಾತ್ರ 750 ಗ್ರಾಮಿಗೆ ತಗ್ಗಿಸಿ, ಮಿಕ್ಕ ಮಾಲ್ಟ್ ಮತ್ತು ಓಟ್ಸ್ ಅಷ್ಟೇ ಇರಲಿ. ನೀರು 14 ಲೀಟರ್, ಮ್ಯಾಶ್ 71.5 ಡಿಗ್ರಿ, ಕಹಿಗೆ ಹಾಪ್ಸ್ 15 ಗ್ರಾಂ. 1.024ರಲ್ಲಿ ಶುರುವಾಗಿ 1.010ರ ಹತ್ತಿರ ನಿಲ್ಲುತ್ತದೆ. ಓಟ್ಸ್ ಬದಲು ಮೊಳಕೆ ಬರಿಸಿ ಒಣಗಿಸಿದ ರಾಗಿಯನ್ನು 100 ಗ್ರಾಂ ಹಾಕಿದರೆ ಹುರಿದ ಕಾಳಿನ ಸಣ್ಣ ಘಮ ಸಿಗುತ್ತದೆ. ರಾಗಿಯನ್ನು ತರಿತರಿಯಾಗಿ ಒಡೆಯಿರಿ. ನುಣ್ಣನೆ ಹಿಟ್ಟಾದರೆ ಚೀಲದಿಂದ ಸೋರಿ ತಳ ಹಿಡಿಯುತ್ತದೆ. ಅಂಗಡಿಯ ‘ರಾಗಿ ಮಾಲ್ಟ್’ ಡಬ್ಬಿಗಳಲ್ಲಿ ಹಾಲಿನ ಪುಡಿ, ಸಕ್ಕರೆ, ಏಲಕ್ಕಿ ಇರುವುದುಂಟು, ಹಿಂಬದಿಯ ಚೀಟಿ ಓದಿಯೇ ತನ್ನಿ.